ಬೀಚ್, ಶೋರ್, ಕೋಸ್ಟ್, ಬ್ಯಾಂಕ್: ಕಡಲ ಬದಿಯ ಇಂಗ್ಲಿಷ್ ಪದಗಳನ್ನು ಬಳಸುವುದು ಹೇಗೆ?

ಇಂಗ್ಲಿಷ್ ಕಲಿಯುವಾಗ ನಾವು ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ. ಪದದ ಎದುರು ಕನ್ನಡದ ಅರ್ಥ ಬರೆದು ಬಾಯಿಪಾಠ ಮಾಡುತ್ತೇವೆ. ‘ಶೋರ್’ ಅಂದರೆ ತೀರ. ‘ಬೀಚ್’ ಅಂದರೆ ಸಮುದ್ರ ತೀರ. ‘ಕೋಸ್ಟ್’ ಅಂದರೆ ಕಡಲ ತೀರ. ‘ಬ್ಯಾಂಕ್’ ಅಂದರೆ ನದಿ ತೀರ. ಪಟ್ಟಿ ಮುಗಿಯುವಷ್ಟರಲ್ಲಿ ತಲೆಯಲ್ಲಿ ಉಳಿಯುವುದು ತೀರ ಒಂದೇ. ಮಾತಾಡಲು ಬಾಯಿ ತೆರೆದಾಗ ಯಾವುದನ್ನು ಹಾಕಬೇಕು ಅಂತ ಗೊತ್ತಾಗುವುದಿಲ್ಲ.

ಮಂಗಳೂರು, ಉಡುಪಿ ಕಡೆಯವರಿಗೆ ಈ ಪದಗಳು ಬೇರೆಯವರಿಗಿಂತ ಜಾಸ್ತಿ ಬೇಕಾಗುತ್ತವೆ. ಇಂಟರ್‌ವ್ಯೂನಲ್ಲಿ ‘ನಿಮ್ಮ ಊರಿನ ಬಗ್ಗೆ ಹೇಳಿ’ ಅಂದರೆ ಕಡಲನ್ನು ಬಿಟ್ಟು ಹೇಳಲು ಆಗುತ್ತದಾ? ಹೋಮ್‌ಸ್ಟೇ ಇಟ್ಟವರು ಬೋರ್ಡ್ ಬರೆಯಬೇಕು. ರಿಕ್ಷಾದವರು ಪ್ರವಾಸಿಗರಿಗೆ ದಾರಿ ಹೇಳಬೇಕು. ಮಳೆಗಾಲದಲ್ಲಿ ಮನೆ ಹಿಂದಿನ ತೆಂಗಿನ ಮರ ಕಡಲಿಗೆ ಬಿದ್ದರೆ ಅರ್ಜಿ ಬರೆಯಬೇಕು.

ಉಡುಪಿಯಲ್ಲಿ ಇಂಗ್ಲಿಷ್ ಹೇಳಿಕೊಡುವವಳಾಗಿ ನಾನು ಹೇಳುವುದು ಇಷ್ಟೇ: ಈ ಪದಗಳನ್ನು ಅರ್ಥದಿಂದ ಕಲಿಯಬೇಡಿ, ಜಾಗದಿಂದ ಕಲಿಯಿರಿ. ಒಂದೊಂದು ಪದಕ್ಕೂ ಸರಿಹೊಂದುವ ಜಾಗ ನಮ್ಮ ಎರಡು ಜಿಲ್ಲೆಗಳಲ್ಲೇ ಇದೆ. ಆ ಜಾಗ ಕಣ್ಣ ಮುಂದೆ ಬಂದರೆ ಪದ ತಾನಾಗಿ ಬರುತ್ತದೆ.

ಹೆಜ್ಜೆ 1: ನೀರು ಯಾವುದು, ಹೊಳೆಯಾ ಕಡಲಾ?

ಕನ್ನಡದ ತೀರ, ದಡ, ದಂಡೆ ಹೊಳೆಗೂ ಆಗುತ್ತವೆ, ಕಡಲಿಗೂ ಆಗುತ್ತವೆ. ತುಳುವಿನ ‘ಕರೆ’ಯೂ ಹಾಗೆಯೇ. ಇಂಗ್ಲಿಷ್‌ನಲ್ಲಿ ಮಾತ್ರ ಮೊದಲ ಪ್ರಶ್ನೆಯೇ ನೀರು ಯಾವುದು ಎನ್ನುವುದು. ಹರಿಯುವ ನೀರಾದರೆ ‘ಬ್ಯಾಂಕ್’. ಕಡಲಾದರೆ ಉಳಿದ ಮೂರರಲ್ಲಿ ಒಂದು.

ಇದನ್ನು ಕಲಿಯಲು ಮರವಂತೆಗಿಂತ ಒಳ್ಳೆಯ ಜಾಗ ಇಲ್ಲ. ಕುಂದಾಪುರ ದಾಟಿ ಬೈಂದೂರಿನ ಕಡೆ ಹೋಗುವ ಬಸ್ಸಿನಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 66 ಅಲ್ಲಿ ಎರಡು ನೀರಿನ ನಡುವೆ ಹೋಗುತ್ತದೆ. ಎಡಗಡೆ ಕಿಟಕಿಯಲ್ಲಿ ಅರಬ್ಬಿ ಸಮುದ್ರ, ಬಲಗಡೆ ಕಿಟಕಿಯಲ್ಲಿ ಸೌಪರ್ಣಿಕಾ. ಬಲಗಡೆ ತೋರಿಸಿ ‘ದ ಬ್ಯಾಂಕ್ ಆವ್ ದ ಸೌಪರ್ಣಿಕಾ’ ಅನ್ನಿ. ಎಡಗಡೆ ತೋರಿಸಿ ‘ಬೀಚ್’ ಅನ್ನಿ. ನಡುವೆ ಇರುವುದು ಒಂದು ರಸ್ತೆ, ಆದರೆ ಪದ ಬದಲಾಯಿತು.

(ಒಂದೇ ಎಫ್ ಇರುವ ಪದವನ್ನು ಇಲ್ಲಿ ‘ಆವ್’ ಎಂದೂ ಎರಡು ಎಫ್ ಇರುವುದನ್ನು ‘ಆಫ್’ ಎಂದೂ ಬರೆದಿದ್ದೇನೆ. ಉಚ್ಚಾರವೂ ಹಾಗೆಯೇ. ಮುಂದೆ ಈ ವ್ಯತ್ಯಾಸ ತುಂಬಾ ಮುಖ್ಯವಾಗುತ್ತದೆ.)

ಹೊಳೆಗೆ ಎರಡು ಬದಿ ಇರುವುದರಿಂದ ‘ಬ್ಯಾಂಕ್ಸ್’ ಅಂತ ಬಹುವಚನವೂ ಸಾಮಾನ್ಯ. ‘ಧರ್ಮಸ್ಥಳ ಈಸ್ ಆನ್ ದ ಬ್ಯಾಂಕ್ಸ್ ಆವ್ ದ ನೇತ್ರಾವತಿ.’ ಊರು ಒಂದೇ ಬದಿಯಲ್ಲಿದ್ದರೂ ಹೀಗೆ ಹೇಳುತ್ತಾರೆ, ತಪ್ಪಲ್ಲ. ಮಳೆಗಾಲದಲ್ಲಿ ಬಂಟ್ವಾಳದ ಕಡೆ ನೇತ್ರಾವತಿ ದಡ ಮೀರಿ ಹರಿದರೆ ‘ದ ರಿವರ್ ಬರ್ಸ್ಟ್ ಇಟ್ಸ್ ಬ್ಯಾಂಕ್ಸ್’. ಇಲ್ಲಂತೂ ಬಹುವಚನವೇ ಬೇಕು.

ಎಡದಂಡೆ, ಬಲದಂಡೆ ಅಂತ ನಾವು ಹೇಳುವುದಕ್ಕೂ ಇಂಗ್ಲಿಷ್‌ನ ‘ಲೆಫ್ಟ್ ಬ್ಯಾಂಕ್’, ‘ರೈಟ್ ಬ್ಯಾಂಕ್’ಗೂ ಲೆಕ್ಕ ಒಂದೇ. ನೀರು ಹರಿದು ಹೋಗುವ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು. ನೇತ್ರಾವತಿ ಪಶ್ಚಿಮಕ್ಕೆ ಹರಿಯುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದರೆ ಎಡಗೈ ಕಡೆ ದಕ್ಷಿಣ. ಹಾಗಾಗಿ ಉಳ್ಳಾಲ ಲೆಫ್ಟ್ ಬ್ಯಾಂಕ್, ಜೆಪ್ಪಿನಮೊಗರು ರೈಟ್ ಬ್ಯಾಂಕ್. ನೀವು ಸೇತುವೆಯ ಮೇಲೆ ಯಾವ ಕಡೆ ತಿರುಗಿ ನಿಂತಿದ್ದರೂ ಇದು ಬದಲಾಗುವುದಿಲ್ಲ.

ಬ್ಯಾಂಕ್ ಅಂದ ಕೂಡಲೇ ನಮ್ಮವರಿಗೆ ಮೊದಲು ನೆನಪಾಗುವುದು ದುಡ್ಡಿನ ಬ್ಯಾಂಕು. ಅದರಲ್ಲಿ ಆಶ್ಚರ್ಯ ಇಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಇಷ್ಟು ಬ್ಯಾಂಕುಗಳು ಹುಟ್ಟಿದ ಮಣ್ಣು ಇದು. ಎರಡು ಬ್ಯಾಂಕುಗಳನ್ನು ಬೇರೆ ಮಾಡುವುದು ಅದರ ಹಿಂದಿನ ಪುಟ್ಟ ಪದ. ‘ಹಿ ಈಸ್ ಅಟ್ ದ ಬ್ಯಾಂಕ್’ ಅಂದರೆ ಚೆಕ್ ಹಾಕಲು ಹೋಗಿದ್ದಾನೆ. ‘ಹಿ ಈಸ್ ಆನ್ ದ ಬ್ಯಾಂಕ್’ ಅಂದರೆ ಹೊಳೆ ಬದಿಯಲ್ಲಿ ಗಾಳ ಹಾಕಿ ಕೂತಿದ್ದಾನೆ. ಹಾಗಾಗಿ ನೀರಿನ ಬ್ಯಾಂಕನ್ನು ಯಾವಾಗಲೂ ‘ಆನ್’ ಜೊತೆಗೇ ನೆನಪಿಡಿ.

ಕೆರೆಗಳದ್ದು ಸ್ವಲ್ಪ ಬೇರೆ. ಮಣಿಪಾಲದ ಮಣ್ಣಪಳ್ಳದಂಥ ದೊಡ್ಡ ಕೆರೆಗೆ ‘ಶೋರ್’ ಬಳಸಬಹುದು. ಉಡುಪಿಯ ಮಧ್ವ ಸರೋವರದಂಥ ಕಟ್ಟಿದ ಕೆರೆಗೆ ಬ್ಯಾಂಕೂ ಬೇಡ, ಶೋರೂ ಬೇಡ. ಅಲ್ಲಿ ಇರುವುದು ಮೆಟ್ಟಿಲು, ‘ಸ್ಟೆಪ್ಸ್’. ತೆಪ್ಪೋತ್ಸವ ನೋಡಲು ಜನ ಮೆಟ್ಟಿಲ ಮೇಲೆ ನಿಂತಿದ್ದರು ಅನ್ನಲು ‘ಪೀಪಲ್ ಸ್ಟುಡ್ ಆನ್ ದ ಸ್ಟೆಪ್ಸ್ ಆವ್ ದ ಟ್ಯಾಂಕ್’ ಅಂದರೆ ಸಾಕು. ಹೊಳೆ ಬದಿಯ ಸ್ನಾನಘಟ್ಟಕ್ಕೆ ಭಾರತದ ಇಂಗ್ಲಿಷ್‌ನಲ್ಲಿ ‘ಬೇದಿಂಗ್ ಘಾಟ್’ ಅನ್ನುವುದು ರೂಢಿ.

ಹೆಜ್ಜೆ 2: ಕಾಲ ಕೆಳಗೆ ಮರಳಿದೆಯಾ? ಹಾಗಾದರೆ ಬೀಚ್

ಬೀಚ್ ಅಂದರೆ ಕಾಲಿಡುವ ಜಾಗ. ನಡೆಯುವುದು, ಕೂರುವುದು, ಮಕ್ಕಳು ಗುಂಡಿ ತೋಡುವುದು, ಚುರುಮುರಿ ತಿನ್ನುವುದು ಎಲ್ಲ ನಡೆಯುವುದು ಬೀಚಿನಲ್ಲಿ. ಪಣಂಬೂರು, ತಣ್ಣೀರುಬಾವಿ, ಮಲ್ಪೆ, ಕಾಪು, ಸಸಿಹಿತ್ಲು ಎಲ್ಲ ಹೆಸರಿನ ಜೊತೆಯೂ ಬೀಚ್ ಅಂಟಿಕೊಂಡಿರುವುದು ಅದಕ್ಕೇ. 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದ್ದೂ ಪಡುಬಿದ್ರಿ ಬೀಚಿಗೆ. ಸ್ನಾನಕ್ಕೆ ಇಳಿಯುವ ನೀರು ಶುದ್ಧ ಇದೆಯಾ, ಜೀವರಕ್ಷಕರು ಇದ್ದಾರಾ, ಕಸ ಎತ್ತುತ್ತಾರಾ ಎನ್ನುವುದನ್ನೆಲ್ಲ ನೋಡಿ ಕೊಡುವ ಮಾನ್ಯತೆ ಅದು. ಜನ ಬಳಸುವ ಜಾಗಕ್ಕೆ ಕೊಡುವುದು. ಹಾಗಾಗಿ ಅಲ್ಲಿ ಬೀಚ್ ಎನ್ನುವ ಪದವೇ ಸರಿ.

ಜೊತೆಗೆ ಬರುವ ಪುಟ್ಟ ಪದ ‘ಆನ್’ ಅಥವಾ ‘ಅಟ್’. ಮರಳಿನ ಮೇಲೆ ನಡೆಯುವ ಕೆಲಸಕ್ಕೆ ‘ಆನ್’: ‘ದ ಚಿಲ್ಡ್ರನ್ ಆರ್ ಪ್ಲೇಯಿಂಗ್ ಆನ್ ದ ಬೀಚ್.’ ಎಲ್ಲಿದ್ದೀರಿ ಅಂತ ಫೋನಿನಲ್ಲಿ ಕೇಳಿದರೆ ‘ಅಟ್’: ‘ವಿ ಆರ್ ಅಟ್ ದ ಬೀಚ್.’ ‘ಇನ್ ದ ಬೀಚ್’ ಎನ್ನುವುದು ನಮ್ಮಲ್ಲಿ ತುಂಬಾ ಕೇಳುತ್ತದೆ. ಕನ್ನಡದ ‘ಬೀಚಿನಲ್ಲಿ’ಯ ‘ಅಲ್ಲಿ’ ನೇರವಾಗಿ ‘ಇನ್’ ಆಗಿಬಿಡುತ್ತದೆ. ಇದನ್ನು ಬಿಡಬೇಕು. ‘ಸೀ ಬೀಚ್’ ಅನ್ನುವುದೂ ಬೇಡ. ಬೀಚ್ ಅಂದ ಮೇಲೆ ಸಮುದ್ರ ಬಂದೇ ಬಂತು.

ಬೀಚ್ ಅಂದರೆ ಮರಳೇ ಆಗಬೇಕೆಂದಿಲ್ಲ. ಉರುಟು ಕಲ್ಲಿನ ಬೀಚ್ ಇರುತ್ತದೆ, ಚಿಪ್ಪಿನ ಬೀಚ್ ಇರುತ್ತದೆ. ಮಲ್ಪೆಯಿಂದ ಬೋಟಿನಲ್ಲಿ ಸೈಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಬೀಚನ್ನೂ ಬೀಚ್ ಅಲ್ಲದ ದಡವನ್ನೂ ಒಂದೇ ಕಡೆ ನೋಡಬಹುದು. ಒಂದು ಕಡೆ ಕಾಲಿಟ್ಟಲ್ಲೆಲ್ಲ ಚಿಪ್ಪು. ಚಪ್ಪಲಿ ಕೆಳಗೆ ಕರಕರ ಅನ್ನುತ್ತದೆ. ಅದು ಬೀಚ್. ಇನ್ನೊಂದು ಕಡೆ ಐದಾರು ಮುಖದ ಕಂಬಗಳಂತೆ ಒತ್ತೊತ್ತಾಗಿ ನಿಂತ ಬಂಡೆಗಳು ನೇರ ನೀರಿಗೆ ಇಳಿಯುತ್ತವೆ. ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ ಲಾವಾ ತಣ್ಣಗಾಗಿ ಆದ ಬಂಡೆಗಳು ಅವು. ಅಲ್ಲಿ ಓಡಾಡಲು, ಮಲಗಲು ಜಾಗವಿಲ್ಲ. ಅದನ್ನು ಬೀಚ್ ಅನ್ನುವುದಿಲ್ಲ, ‘ರಾಕಿ ಶೋರ್’ ಅನ್ನುತ್ತಾರೆ.

ಅಂದರೆ ಬೀಚ್ ಇಲ್ಲದ ಶೋರ್ ಇರಬಹುದು. ಉಳ್ಳಾಲದ ಕಡೆ ಕೆಲವು ಜಾಗಗಳಲ್ಲಿ ಕಡಲು ಮರಳನ್ನೆಲ್ಲ ಎಳೆದುಕೊಂಡು ಹೋಗಿ, ಈಗ ತಡೆಗೋಡೆಯ ಕಲ್ಲಿಗೇ ಅಲೆ ಬಡಿಯುತ್ತದೆ. ಅಲ್ಲಿನವರು ಹೇಳಬೇಕಾದ ವಾಕ್ಯ ಇದು: ‘ದೇರ್ ಈಸ್ ನೋ ಬೀಚ್ ಲೆಫ್ಟ್ ಆನ್ ದಿಸ್ ಪಾರ್ಟ್ ಆವ್ ದ ಶೋರ್.’ ಎರಡೂ ಪದ ಒಂದೇ ಅರ್ಥದವಾಗಿದ್ದರೆ ಈ ವಾಕ್ಯವೇ ಹುಟ್ಟುತ್ತಿರಲಿಲ್ಲ.

ಹೆಜ್ಜೆ 3: ನೀರಿನ ಕಡೆಯಿಂದ ನೋಡಿ, ಶೋರ್ ಕಾಣುತ್ತದೆ

ಶೋರ್ ಅಂದರೆ ನೆಲ ಮತ್ತು ನೀರು ಸೇರುವ ಅಂಚು. ಅದನ್ನು ಕಲಿಯಲು ಸುಲಭ ದಾರಿ ಎಂದರೆ ದೋಣಿಯಲ್ಲಿ ಕೂತವರ ಕಣ್ಣಿನಿಂದ ನೋಡುವುದು. ನಾಡದೋಣಿಯಲ್ಲಿ ಹೋದವರಿಗೆ ದೂರದಲ್ಲಿ ಕಾಣುವುದು ಮರಳಲ್ಲ, ನೆಲದ ಅಂಚು. ‘ದಡ ಕಾಣುತ್ತಿದೆ’, ‘ದಡ ಸೇರಿದೆವು’ ಅಂತ ನಾವು ಹೇಳುವ ಕಡೆಯೆಲ್ಲ ಇಂಗ್ಲಿಷ್‌ನಲ್ಲಿ ಶೋರ್ ಹಾಕಿದರೆ ಹೆಚ್ಚುಕಡಿಮೆ ಸರಿಯಾಗುತ್ತದೆ. ‘ದ ಬೋಟ್ ರೀಚ್ಡ್ ದ ಶೋರ್.’ ‘ಸ್ಟೇ ಕ್ಲೋಸ್ ಟು ದ ಶೋರ್.’

ಕೈರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಒಂದು ದೋಣಿ ಬಲೆ ಬಿಡುತ್ತಾ ಕಡಲಿಗೆ ಹೋಗಿ, ಅರ್ಧ ಸುತ್ತು ಹಾಕಿ ಮತ್ತೆ ದಡಕ್ಕೆ ಬರುತ್ತದೆ. ಬಲೆಯ ಎರಡೂ ತುದಿಯ ಹಗ್ಗ ದಡದಲ್ಲೇ ಇರುತ್ತದೆ. ಜನ ಎರಡು ಸಾಲಾಗಿ ನಿಂತು, ಹಿಮ್ಮಡಿ ಮರಳಿಗೆ ಊರಿ, ಹಿಂದಕ್ಕೆ ಹಿಂದಕ್ಕೆ ಬಾಗಿ ಎಳೆಯುತ್ತಾರೆ. ಬಲೆ ಹತ್ತಿರ ಬಂದ ಹಾಗೆ ಎರಡೂ ಸಾಲು ಪಕ್ಕ ಪಕ್ಕಕ್ಕೆ ಬರುತ್ತವೆ. ಈ ಬಲೆಗೆ ಇಂಗ್ಲಿಷ್‌ನಲ್ಲಿ ಎರಡು ಹೆಸರು: ‘ಶೋರ್ ಸೇನ್’ ಮತ್ತು ‘ಬೀಚ್ ಸೇನ್’. ಎರಡೂ ಸರಿ. ನೀರಿನಿಂದ ಅಂಚಿಗೆ ಬರುವ ಬಲೆ ಅಂತ ನೋಡಿದರೆ ಶೋರ್. ಮರಳಿನ ಮೇಲೆ ನಿಂತು ಎಳೆಯುವ ಬಲೆ ಅಂತ ನೋಡಿದರೆ ಬೀಚ್. ಎರಡು ಪದ ಒಂದೇ ಜಾಗದಲ್ಲಿ ಭೇಟಿಯಾದಾಗ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಶೋರ್ ಜೊತೆ ಕಲಿಯಲೇಬೇಕಾದ ಇನ್ನೊಂದು ಪದ ‘ಅಶೋರ್’, ಅಂದರೆ ದಡಕ್ಕೆ. ‘ಕ್ಕೆ’ ಅದರೊಳಗೇ ಇದೆ. ಹಾಗಾಗಿ ಅದರ ಹಿಂದೆ ‘ಟು’ ಬರುವುದಿಲ್ಲ, ‘ದ’ ಕೂಡ ಬರುವುದಿಲ್ಲ. ‘ದೇ ಸ್ವಾಮ್ ಅಶೋರ್’: ಈಜಿ ದಡಕ್ಕೆ ಬಂದರು. ಕೆಲವೊಮ್ಮೆ ಬೂತಾಯಿ ರಾಶಿ ರಾಶಿಯಾಗಿ ದಡಕ್ಕೆ ಬಂದು ಬೀಳುತ್ತದೆ. ಜನ ಬಕೆಟ್, ಚೀಲ, ಲುಂಗಿ, ಸಿಕ್ಕಿದ್ದನ್ನು ಹಿಡಿದುಕೊಂಡು ಓಡುತ್ತಾರೆ. ಆಗ ಪತ್ರಿಕೆಯಲ್ಲಿ ಬರುವುದು ‘ಸಾರ್ಡೀನ್ಸ್ ವಾಶ್ಡ್ ಅಶೋರ್’. ಕಸ, ಮುರಿದ ದೋಣಿ, ಸತ್ತ ತಿಮಿಂಗಿಲ ಏನೇ ಬಂದು ಬಿದ್ದರೂ ‘ವಾಶ್ಡ್ ಅಶೋರ್’ ಆಗುತ್ತದೆ.

ಹಡಗಿನಲ್ಲಿ ದುಡಿಯುವವರು ನಮ್ಮ ಕಡೆ ತುಂಬಾ ಮಂದಿ. ಬಂದರಿನಲ್ಲಿ ಹಡಗು ನಿಂತಾಗ ಇಳಿದು ಊರು ಸುತ್ತಲು ಸಿಗುವ ಬಿಡುವಿಗೆ ಅವರು ‘ಶೋರ್ ಲೀವ್’ ಅನ್ನುತ್ತಾರೆ. ಅಲ್ಲಿಯೂ ಅದೇ ನೋಟ, ನೀರಿನಿಂದ ನೆಲದ ಕಡೆಗೆ. ಐಟಿಯವರ ‘ಆಫ್‌ಶೋರ್’ಗೂ ಮೂಲ ಇದೇ. ಆ ದೇಶದ ದಡದಿಂದ ಆಚೆ ನಡೆಯುವ ಕೆಲಸ.

‘ಸೀಶೋರ್’ ಅಂದರೆ ಕಡಲ ಶೋರ್ ಎಂದು ಬಿಡಿಸಿ ಹೇಳಿದ ಹಾಗೆ. ಸರ್ಕಾರದ ಕಾಗದಗಳಲ್ಲಿ ‘ಫೋರ್‌ಶೋರ್’ ಕಂಡರೆ ಅದು ಭರತದ ಗೆರೆ ಮತ್ತು ಇಳಿತದ ಗೆರೆಯ ನಡುವಿನ ಪಟ್ಟಿ. ದಿನದಲ್ಲಿ ಸ್ವಲ್ಪ ಹೊತ್ತು ನೀರಿನ ಕೆಳಗೆ, ಸ್ವಲ್ಪ ಹೊತ್ತು ಮೇಲೆ ಇರುವ ನೆಲ.

ಹೆಜ್ಜೆ 4: ನಕಾಶೆ ಬಿಡಿಸಿ, ಆಮೇಲೆ ಕೋಸ್ಟ್ ಅನ್ನಿ

ಕೋಸ್ಟ್ ಅಂದರೆ ಕರಾವಳಿ. ಕನ್ನಡದ ಕರಾವಳಿ ಎಷ್ಟು ಉದ್ದ ಅಗಲ ಇದೆಯೋ ಈ ಪದವೂ ಅಷ್ಟೇ ಉದ್ದ ಅಗಲ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಸೇರಿ ಸುಮಾರು 320 ಕಿಲೋಮೀಟರ್ ಕರ್ನಾಟಕದ ಕೋಸ್ಟ್. ಕಡಲಿಗೆ ತಾಗಿದ ಗೆರೆ ಮಾತ್ರ ಅಲ್ಲ, ಅದರ ಹಿಂದಿನ ಊರು, ತೋಟ, ಗದ್ದೆಯೂ ಅದರಲ್ಲಿ ಸೇರುತ್ತದೆ. ಹಾಗಾಗಿ ‘ವಿ ಏಟ್ ಚುರುಮುರಿ ಆನ್ ದ ಕೋಸ್ಟ್’ ಅಂದರೆ ಕೇಳಲು ವಿಚಿತ್ರ. ಚುರುಮುರಿ ತಿನ್ನುವುದು ಬೀಚಿನಲ್ಲಿ. ‘ಮಂಗಳೂರು ಈಸ್ ಆನ್ ದ ವೆಸ್ಟ್ ಕೋಸ್ಟ್ ಆವ್ ಇಂಡಿಯಾ’ ಅಂದರೆ ಸರಿ. ಲ್ಯಾಟಿನ್‌ನಲ್ಲಿ ಈ ಪದದ ಮೂಲಕ್ಕೆ ಪಕ್ಕೆಲುಬು, ಪಕ್ಕ ಎಂಬ ಅರ್ಥ. ದೇಶದ ಪಕ್ಕೆ ಅಂತ ನೆನಪಿಟ್ಟರೂ ಆಯಿತು.

ಇದರ ಜೊತೆಗೆ ಬರುವ ಪುಟ್ಟ ಪದಗಳು ಮೂರು. ಇಲ್ಲಿ ಸ್ವಲ್ಪ ನಿಧಾನ ಮಾಡಿ, ಯಾಕೆಂದರೆ ಜನ ಎಡವುವುದು ಇಲ್ಲೇ.

ಊರು ಎಲ್ಲಿದೆ ಎಂದು ಹೇಳಲು ‘ಆನ್ ದ ಕೋಸ್ಟ್’. ಉದ್ದಕ್ಕೆ ಸಾಗುವುದಕ್ಕೆ ‘ಅಲಾಂಗ್ ದ ಕೋಸ್ಟ್’: ‘ದ ಹೈವೇ ರನ್ಸ್ ಅಲಾಂಗ್ ದ ಕೋಸ್ಟ್.’ ಕರಾವಳಿಯಿಂದ ಆಚೆ, ನೀರಿನಲ್ಲಿ ಇರುವುದಕ್ಕೆ ‘ಆಫ್ ದ ಕೋಸ್ಟ್’, ಎರಡು ಎಫ್. ಹವಾಮಾನ ಇಲಾಖೆ ಮಳೆಗಾಲದಲ್ಲಿ ಮೀನುಗಾರರಿಗೆ ಕೊಡುವ ಇಂಗ್ಲಿಷ್ ಎಚ್ಚರಿಕೆಯಲ್ಲಿ ‘ಅಲಾಂಗ್ ಆ್ಯಂಡ್ ಆಫ್ ಕರ್ನಾಟಕ ಕೋಸ್ಟ್’ ಅಂತ ಬರುತ್ತದೆ. ಎರಡೂ ಬೇಕು ಅಂತಲೇ ಹಾಕಿರುತ್ತಾರೆ. ‘ಅಲಾಂಗ್’ ಅಂದರೆ ಕರಾವಳಿಯ ಉದ್ದಕ್ಕೂ ಜೋರು ಗಾಳಿ. ‘ಆಫ್’ ಅಂದರೆ ಅದರಾಚೆಯ ಕಡಲಲ್ಲೂ ಜೋರು ಗಾಳಿ. ದಡದ ಹತ್ತಿರ ಇರುತ್ತೇವಲ್ಲಾ ಎನ್ನುವವರಿಗೂ ದೂರ ಹೋಗುವವರಿಗೂ ಒಟ್ಟಿಗೆ ಹೇಳಿದ ಮಾತು. ಇದನ್ನು ಸರಿಯಾಗಿ ಓದುವುದು ಬರೀ ಪರೀಕ್ಷೆಯ ಅಂಕಕ್ಕಲ್ಲ, ಜೀವಕ್ಕೆ ಸಂಬಂಧಪಟ್ಟದ್ದು. ಮನೆಯಲ್ಲಿ ಕಡಲಿಗೆ ಹೋಗುವವರಿದ್ದರೆ ಮಕ್ಕಳಿಗೆ ಮೊದಲು ಕಲಿಸಬೇಕಾದ ಇಂಗ್ಲಿಷ್ ಸಾಲು ಇದೇ ಎಂದು ನನಗೆ ಅನ್ನಿಸುತ್ತದೆ.

ಊರಿನ ಹೆಸರಿನ ಹಿಂದೆ ನೇರವಾಗಿಯೂ ‘ಆಫ್’ ಹಾಕಬಹುದು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಕಾಪು ಹತ್ತಿರದ ಕಡಲಿನಲ್ಲಿ ಒಂದು ಟಗ್ (ದೊಡ್ಡ ಹಡಗುಗಳನ್ನು ಎಳೆಯುವ ಪುಟ್ಟ ಹಡಗು) ಬಂಡೆಗೆ ಸಿಕ್ಕಿಹಾಕಿಕೊಂಡಿತ್ತು. ಅದು ‘ಎ ಟಗ್ ವಾಸ್ ಸ್ಟಕ್ ಆಫ್ ಕಾಪು’. ಇಲ್ಲಿ ಒಂದು ಎಫ್ ಬಿಟ್ಟುಹೋದರೆ ಟಗ್ ಕಾಪು ಊರಿನದ್ದು ಎಂಬಂತೆ ಕೇಳುತ್ತದೆ. ಅದು ಕಡಲಿನಲ್ಲಿತ್ತು ಎನ್ನುವ ವಿಷಯವೇ ಕಾಣೆಯಾಗುತ್ತದೆ.

‘ಕೋಸ್ಟ್ ಗಾರ್ಡ್’ ಮತ್ತು ‘ಲೈಫ್‌ಗಾರ್ಡ್’ ಬೇರೆ ಬೇರೆ. ಕೋಸ್ಟ್ ಗಾರ್ಡ್ ದೇಶದ ಪಡೆ, 1978ರ ಕಾಯ್ದೆಯಿಂದ ಬಂದದ್ದು. ಕರಾವಳಿ ಪೂರ್ತಿ ಕಾಯುತ್ತದೆ. ಮಲ್ಪೆ ಬೀಚಿನಲ್ಲಿ ಸೀಟಿ ಊದಿ ‘ಮುಂದೆ ಹೋಗ್ಬೇಡಿ’ ಎನ್ನುವವರು ಲೈಫ್‌ಗಾರ್ಡ್. ಅವರನ್ನು ಕೋಸ್ಟ್ ಗಾರ್ಡ್ ಅಂದರೆ ಕೇಳಿದವರು ಹಡಗು ಹುಡುಕುತ್ತಾರೆ.

ಗುಣವಾಚಕ ‘ಕೋಸ್ಟಲ್’. ಬೆಂಗಳೂರಿನಲ್ಲಿ ನೀರುದೋಸೆ, ಕೋರಿರೊಟ್ಟಿ ಸಿಗುವ ಹೋಟೆಲಿನ ಬೋರ್ಡಿನಲ್ಲಿ ‘ಕೋಸ್ಟಲ್’ ಇರುತ್ತದೆ. ತುಳು ಸಿನಿಮಾಕ್ಕೆ ‘ಕೋಸ್ಟಲ್‌ವುಡ್’ ಎಂಬ ಹೆಸರು ಬಿದ್ದಿದೆ. ಕಡಲ ಬದಿ ಮನೆ ಕಟ್ಟುವವರು ಎದುರಿಸುವ ಸಿಆರ್‌ಝಡ್ ನಿಯಮದ (‘ಕೋಸ್ಟಲ್ ರೆಗ್ಯುಲೇಷನ್ ಝೋನ್’) ಮೊದಲ ಅಕ್ಷರವೂ ಕೋಸ್ಟಲ್‌ನದ್ದೇ. 1991ರಲ್ಲಿ ಮೊದಲು ಬಂದ ಆ ಅಧಿಸೂಚನೆ 2011ರಲ್ಲಿ, 2019ರಲ್ಲಿ ಹೊಸದಾಗಿ ಬಂತು. ‘ಬೀಚಲ್’ ಎಂಬ ಪದ ಇಲ್ಲ. ಬೀಚನ್ನು ಹಾಗೆಯೇ ಮುಂದೆ ಇಡಬೇಕು: ‘ಬೀಚ್ ರೆಸಾರ್ಟ್’, ‘ಬೀಚ್ ರೋಡ್’.

ಹೆಜ್ಜೆ 5: ಉಳಿದ ಅಕ್ಕಪಕ್ಕದ ಪದಗಳು

‘ಸೀಸೈಡ್’ ಬ್ರಿಟಿಷರಿಗೆ ಇಷ್ಟವಾದ ಪದ. ರಜೆಗೆ ಹೋಗುವ ಕಡಲ ಬದಿಯ ಜಾಗ ಎಂಬ ಭಾವ ಅದಕ್ಕಿದೆ. ದಿನಾ ಬಲೆ ಹಾಕುವ ಜಾಗಕ್ಕೆ ಅದು ಹೊಂದುವುದಿಲ್ಲ. ‘ಸೀಫ್ರಂಟ್’ ಅಂದರೆ ಊರಿನ ಕಟ್ಟಡ, ರಸ್ತೆ ಕಡಲಿಗೆ ಮುಖ ಮಾಡಿದ ಭಾಗ. ‘ವಾಟರ್‌ಫ್ರಂಟ್’ ಹೊಳೆಗೂ ಆಗುತ್ತದೆ, ಕಡಲಿಗೂ ಆಗುತ್ತದೆ. ಹೋಮ್‌ಸ್ಟೇ ಇಟ್ಟವರಿಗೆ ನನ್ನ ಸಲಹೆ: ಗೇಟು ದಾಟಿದರೆ ಮರಳು ಸಿಗುವುದಾದರೆ ಮಾತ್ರ ‘ಬೀಚ್‌ಫ್ರಂಟ್’ ಬರೆಯಿರಿ. ಕಡಲು ಕಾಣುತ್ತದೆ, ಆದರೆ ನಡುವೆ ರಸ್ತೆಯೋ ತೋಟವೋ ಇದೆ ಎಂದರೆ ‘ಸೀ ವ್ಯೂ’ ಸಾಕು. ಎರಡೂ ಅಲ್ಲ, ಹತ್ತು ನಿಮಿಷ ನಡೆಯಬೇಕು ಎಂದರೆ ‘ನಿಯರ್ ದ ಬೀಚ್’. ಬಂದವರು ಬೇಸರ ಮಾಡಿಕೊಳ್ಳುವುದಿಲ್ಲ.

ಬಂದರಿನ ಪದಗಳಲ್ಲಿ ಗೊಂದಲ ಜಾಸ್ತಿ. ‘ಹಾರ್ಬರ್’ ಅಂದರೆ ದೋಣಿ, ಹಡಗು ಅಲೆಯ ಹೊಡೆತ ಇಲ್ಲದೆ ನಿಲ್ಲುವ ನೀರು. ‘ಪೋರ್ಟ್’ ಅಂದರೆ ಆ ನೀರಿನ ಸುತ್ತ ನಡೆಯುವ ವ್ಯವಹಾರ ಪೂರ್ತಿ: ಸರಕು, ಕಸ್ಟಮ್ಸ್, ಕ್ರೇನು, ಆಫೀಸು. ಮಲ್ಪೆಯದ್ದು ಮೀನುಗಾರಿಕಾ ಬಂದರು, ‘ಫಿಶಿಂಗ್ ಹಾರ್ಬರ್’. ಪಣಂಬೂರಿನದ್ದು ನವಮಂಗಳೂರು ಬಂದರು, 1974ರಲ್ಲಿ ಶುರುವಾಗಿ 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ ‘ಪೋರ್ಟ್’. ಮಂಗಳೂರಿನ ಹಳೇ ಬಂದರಿನ ಪೇಟೆ ‘ಬಂದರ್’ ಅಂತಲೇ ಹೆಸರಾಗಿದೆ. ಇಂಗ್ಲಿಷ್‌ನಲ್ಲೂ ಅದನ್ನು ಹಾಗೆಯೇ ಬಿಡಿ.

ದಕ್ಕೆಗೆ ಏನನ್ನಬೇಕು? ಬೆಳಗಿನ ಜಾವ ಬೋಟುಗಳಿಂದ ಬುಟ್ಟಿ ಬುಟ್ಟಿ ಮೀನು ಇಳಿಯುವ, ಏಲಂ ಕೂಗುವ ಕಟ್ಟೆ ಅದು. ‘ಡಾಕ್’ ಅಂತ ಸದ್ದು ಹತ್ತಿರ ಕೇಳುತ್ತದೆ ಎಂದು ಅದನ್ನೇ ಹಾಕಬೇಡಿ. ಹಡಗು ನಿಲ್ಲಿಸುವ, ರಿಪೇರಿ ಮಾಡುವ ಜಾಗಕ್ಕೆ ಡಾಕ್ ಜಾಸ್ತಿ ಹೊಂದುತ್ತದೆ. ದಕ್ಕೆಗೆ ‘ವಾರ್ಫ್’ ಹತ್ತಿರದ ಪದ. ಇಲಾಖೆಯ ಕಾಗದದಲ್ಲಿ ಮೀನು ಇಳಿಸುವ ಜಾಗಕ್ಕೆ ‘ಫಿಶ್ ಲ್ಯಾಂಡಿಂಗ್ ಸೆಂಟರ್’ ಎನ್ನುತ್ತಾರೆ. ನೀರಿನೊಳಗೆ ಕೈಚಾಚಿದ ಹಾಗೆ ಕಟ್ಟಿದ್ದರೆ ‘ಜೆಟ್ಟಿ’. ಅಳಿವೆಯ ಎರಡು ಬದಿಗೆ ಅಲೆ ತಡೆಯಲು ಕಲ್ಲು ಹಾಕಿ ಕಡಲಿನೊಳಕ್ಕೆ ಕಟ್ಟಿದ್ದು ‘ಬ್ರೇಕ್‌ವಾಟರ್’. ದಡದ ಉದ್ದಕ್ಕೆ ಕಟ್ಟಿದ್ದು ‘ಸೀವಾಲ್’.

ಅಳಿವೆ ಅಂದ ಮೇಲೆ ಇನ್ನೆರಡು ಪದ ಹೇಳಲೇಬೇಕು, ಇವು ನಮ್ಮ ಕಡೆಯವೇ. ಹೊಳೆ ಕಡಲು ಸೇರುವ ಬಾಯಿ ‘ರಿವರ್ ಮೌತ್’. ಉಪ್ಪು ನೀರು, ಸಿಹಿ ನೀರು ಬೆರೆಯುವ ಅಗಲ ಭಾಗ ‘ಎಸ್ಚುರಿ’. ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ಉದ್ದಕ್ಕೆ ಚಾಚಿದ ಮರಳಿನ ನೆಲ ಬೆಂಗ್ರೆ. ಮಂಗಳೂರಿನ ತೋಟಬೆಂಗ್ರೆ, ಕಸಬ ಬೆಂಗ್ರೆ, ಉಡುಪಿ ಕಡೆಯ ಕೋಡಿಬೆಂಗ್ರೆ ನೋಡಿದರೆ ಗೊತ್ತಾಗುತ್ತದೆ. ಇಂಗ್ಲಿಷ್‌ನಲ್ಲಿ ಅದು ‘ಸ್ಪಿಟ್’ ಅಥವಾ ‘ಸ್ಯಾಂಡ್‌ಸ್ಪಿಟ್’. ಬೆಂಗ್ರೆಯವರಿಗೆ ಎರಡು ಪದವೂ ಬೇಕು: ಪಶ್ಚಿಮಕ್ಕೆ ‘ಬೀಚ್’, ಪೂರ್ವಕ್ಕೆ ‘ಬ್ಯಾಂಕ್’. ಹೊಳೆಯ ನಡುವಿನ ಕುದ್ರುವಿಗೆ ‘ರಿವರ್ ಐಲ್ಯಾಂಡ್’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ನುಡಿಗಟ್ಟುಗಳಲ್ಲಿ ದಿನಾ ಕೇಳುವುದು ‘ದ ಕೋಸ್ಟ್ ಈಸ್ ಕ್ಲಿಯರ್’. ಯಾರೂ ನೋಡುತ್ತಿಲ್ಲ, ಅಡ್ಡಿ ಇಲ್ಲ ಎಂದರ್ಥ. ಕರಾವಳಿ ಸ್ವಚ್ಛವಾಗಿದೆ ಎಂದಲ್ಲ. ಬೀಚ್ ಗುಡಿಸಿ ಮುಗಿದ ಮೇಲೆ ಹೇಳಬೇಕಾದ್ದು ‘ದ ಬೀಚ್ ಈಸ್ ಕ್ಲೀನ್’.

ಹೆಜ್ಜೆ 6: ಗೊತ್ತಿರುವ ಕಥೆಯನ್ನು ಇಂಗ್ಲಿಷ್‌ನಲ್ಲಿ ಹೇಳಿ

ಹೊಸ ಪದಕ್ಕೆ ಹೊಸ ಕಥೆ ಬೇಡ. ಉಡುಪಿ ಕೃಷ್ಣನ ಕಥೆ ನಮಗೆಲ್ಲ ಗೊತ್ತು. ದ್ವಾರಕೆಯಿಂದ ಬಂದ ಹಡಗು ಮಲ್ಪೆಯ ಹತ್ತಿರ ಬಿರುಗಾಳಿಗೆ ಸಿಕ್ಕಿತು. ದಡದಲ್ಲಿದ್ದ ಮಧ್ವಾಚಾರ್ಯರು ಉತ್ತರೀಯ ಬೀಸಿದರು. ಹಡಗು ಸುರಕ್ಷಿತವಾಗಿ ದಡ ಸೇರಿತು. ನಾವಿಕ ಕೊಟ್ಟ ಗೋಪಿಚಂದನದ ಗಟ್ಟಿಯಲ್ಲಿ ಕೃಷ್ಣನ ಮೂರ್ತಿ ಸಿಕ್ಕಿತು ಎಂದು ಹಿರಿಯರು ಹೇಳುತ್ತಾರೆ. ಪದ ಹೊಂದಿಸುತ್ತಾ ಹೋಗಿ.

ಹಡಗು ನೀರಿನಲ್ಲಿದೆ: ‘ಎ ಶಿಪ್ ವಾಸ್ ಕಾಟ್ ಇನ್ ಎ ಸ್ಟಾರ್ಮ್ ಆಫ್ ಮಲ್ಪೆ.’ ಎರಡು ಎಫ್. ಮಧ್ವರು ಹಡಗಿನವರಿಗೆ ಕಾಣುವ ಅಂಚಿನಲ್ಲಿದ್ದಾರೆ: ‘ಮಧ್ವಾಚಾರ್ಯ ವಾಸ್ ಸ್ಟ್ಯಾಂಡಿಂಗ್ ಆನ್ ದ ಶೋರ್.’ ಅವರು ಮರಳಿನಲ್ಲಿ ಧ್ಯಾನಕ್ಕೆ ಕೂತಿದ್ದರು ಎಂದು ಹೇಳುವುದಾದರೆ ‘ಆನ್ ದ ಬೀಚ್’ ಕೂಡ ಆಗಬಹುದು. ಹಡಗು ಬಂದಿತು: ‘ದ ಶಿಪ್ ರೀಚ್ಡ್ ದ ಶೋರ್ ಸೇಫ್ಲಿ.’ ನಾವಿಕ ಇಳಿದ: ‘ದ ಕ್ಯಾಪ್ಟನ್ ಕೇಮ್ ಅಶೋರ್.’ ಮಲ್ಪೆ ಎಲ್ಲಿದೆ ಅಂತ ಹೊರಗಿನವರು ಕೇಳಿದರೆ: ‘ಇಟ್ ಈಸ್ ಆನ್ ದ ಕೋಸ್ಟ್, ನಿಯರ್ ಉಡುಪಿ.’ ನಾಲ್ಕೈದು ವಾಕ್ಯದಲ್ಲಿ ಇಷ್ಟೂ ಪದ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು.

ಹೆಜ್ಜೆ 7: ಒಂದು ಅರ್ಜಿ ಬರೆಯಿರಿ

ಕಥೆ ಹೇಳಲು ಬಂದ ಮೇಲೆ ಕೆಲಸಕ್ಕೆ ಬೇಕಾದ ಬರವಣಿಗೆ. ಕಡಲ್ಕೊರೆತದ ಬಗ್ಗೆ ಇಂಗ್ಲಿಷ್‌ನಲ್ಲಿ ಅರ್ಜಿ ಬರೆಯಬೇಕಾಗಿದೆ ಎಂದುಕೊಳ್ಳಿ. ನಮ್ಮ ಪತ್ರಿಕೆಗಳು ‘ಸೀ ಎರೋಷನ್’ ಎಂದು ಬರೆಯುತ್ತವೆ. ಓದಿದ ಕೂಡಲೇ ಅರ್ಥವಾಗುತ್ತದೆ, ಇಲ್ಲಿ ನಡೆಯುತ್ತದೆ. ಆದರೆ ಎಂಜಿನಿಯರುಗಳ ವರದಿಯಲ್ಲಿ, ಹೊರಗಿನವರಿಗೆ ಬರೆಯುವಾಗ ‘ಕೋಸ್ಟಲ್ ಎರೋಷನ್’ ಎನ್ನುವುದೇ ಸರಿ. ಸವೆಯುತ್ತಿರುವುದು ಕರಾವಳಿ, ಸಮುದ್ರವಲ್ಲ.

ಮೊದಲ ವಾಕ್ಯದಲ್ಲಿ ನೀವು ಎಲ್ಲಿದ್ದೀರಿ ಹೇಳಿ: ‘ಅವರ್ ವಿಲೇಜ್ ಈಸ್ ಆನ್ ದ ಕೋಸ್ಟ್.’ ಎರಡನೆಯದರಲ್ಲಿ ಏನು ಹೋಯಿತು ಹೇಳಿ: ‘ದ ವೇವ್ಸ್ ಹ್ಯಾವ್ ಕ್ಯಾರಿಡ್ ಅವೇ ದ ಬೀಚ್.’ ಹೋದದ್ದು ಮರಳು, ಹಾಗಾಗಿ ಬೀಚ್. ಮೂರನೆಯದರಲ್ಲಿ ಅಪಾಯ ಎಲ್ಲಿದೆ ಹೇಳಿ: ‘ದ ರೋಡ್ ಅಲಾಂಗ್ ದ ಶೋರ್ ಹ್ಯಾಸ್ ಕೊಲ್ಯಾಪ್ಸ್ಡ್.’ ಕುಸಿದ ರಸ್ತೆ ನೀರಿನ ಅಂಚಿನಲ್ಲೇ ಇತ್ತು, ಹಾಗಾಗಿ ಶೋರ್. ಕೊನೆಗೆ ಏನು ಬೇಕು: ‘ವಿ ರಿಕ್ವೆಸ್ಟ್ ಯು ಟು ಬಿಲ್ಡ್ ಎ ಸೀವಾಲ್.’ ಎಷ್ಟು ಮನೆಗಳಿಗೆ ತೊಂದರೆ, ಎಷ್ಟು ಮೀಟರ್ ರಸ್ತೆ ಹೋಗಿದೆ, ಯಾವ ದಿನ ಹೋಯಿತು ಎನ್ನುವುದನ್ನು ನಡುವೆ ಸೇರಿಸಿ.

ಬರೆದ ಮೇಲೆ ಕೆಂಪು ಪೆನ್ನಿನಲ್ಲಿ ಈ ನಾಲ್ಕು ಪದಗಳಿಗೆ ಮಾತ್ರ ಗೆರೆ ಹಾಕಿ. ಪ್ರತಿ ಗೆರೆಯ ಹತ್ತಿರ ನಿಂತು, ಇದು ಹೊಳೆಯಾ ಕಡಲಾ, ಮರಳಾ ಅಂಚಾ, ಅಥವ ಇಡೀ ಕರಾವಳಿಯಾ ಎಂದು ಕೇಳಿಕೊಳ್ಳಿ. ಆಮೇಲೆ ಅದರ ಹಿಂದಿನ ಪುಟ್ಟ ಪದ ನೋಡಿ. ‘ಇನ್’ ಕಂಡರೆ ಹೊಡೆದುಹಾಕಿ ‘ಆನ್’ ಬರೆಯಿರಿ. ನೀರಿನಲ್ಲಿ ಇರುವುದಕ್ಕೆ ಎರಡು ಎಫ್ ಇದೆಯಾ ಎಣಿಸಿ. ಅಷ್ಟಾದರೆ ಅರ್ಜಿಯನ್ನು ಲಕೋಟೆಗೆ ಹಾಕಬಹುದು.